ಸಹಾಯ ಬೇಕು: ಎಳೆದ ಉಕ್ಕಿನಲ್ಲಿ ಸ್ಲಿಪ್ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕಾಲೇಜು ಲ್ಯಾಬ್‌ಗೆ ಸಲಹೆ ಬೇಕಿತ್ತು.

ಸ್ಯಾಂಪಲ್: ಕಡಿಮೆ ಕಾರ್ಬನ್ ಉಕ್ಕಿನ ತಗಡು, 1.5 ಮಿ.ಮೀ. ದಪ್ಪ, ಗೇಜ್ ಉದ್ದ (ಎಳೆತ ಅಳೆಯುವ ಭಾಗ) 25 ಮಿ.ಮೀ., ಅಗಲ 6 ಮಿ.ಮೀ. 1200 ಗ್ರಿಟ್ ಪೇಪರ್, ನಂತರ 1 ಮೈಕ್ರಾನ್ ಡೈಮಂಡ್ ಪೇಸ್ಟ್, ಕೊನೆಗೆ ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್, ಅಂದರೆ 2% ನೈಟಲ್‌ನಲ್ಲಿ ಕೆಲವೇ ಸೆಕೆಂಡು. ಆಮೇಲೆ 2%ರಷ್ಟು ಹಂತಹಂತವಾಗಿ ಎಳೆದು, ಇಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ನಡುವೆ ಮತ್ತೆ ಪಾಲಿಶ್ ಮಾಡುವಂತಿಲ್ಲ. ಸ್ಲಿಪ್ ಗೆರೆ ಎಂದರೆ ಲೋಹದ ಪದರಗಳು ಜಾರಿ ಮೇಲ್ಮೈ ಮೇಲೆ ಮೂಡುವ ಸಣ್ಣ ಮೆಟ್ಟಿಲು, ಉಜ್ಜಿದರೆ ಅಳಿಸಿಹೋಗುತ್ತದೆ.

ಯೀಲ್ಡ್ ಆಗುವಾಗ (ಲೋಹ ಶಾಶ್ವತವಾಗಿ ಹಿಗ್ಗಲು ಶುರುವಾದಾಗ) ಲ್ಯೂಡರ್ಸ್ ಪಟ್ಟಿಗಳು, ಅಂದರೆ ಮೊದಲು ಹಿಗ್ಗಿದ ಭಾಗದ ಗುರುತುಗಳು, ಬರಿಗಣ್ಣಿಗೇ ಕಾಣುತ್ತವೆ. ತೊಂದರೆ ಗ್ರೇನ್ (ಲೋಹದ ಸಣ್ಣ ಹರಳು) ಒಳಗಿನ ಗೆರೆಗಳದು. ಗೆರೆಗಳು ಅಲೆಅಲೆಯಾಗಿರುವುದು ಸಹಜ, ಕಬ್ಬಿಣದಲ್ಲಿ ಹರಳಿನ ಜೋಡಣೆಯ ಗೆರೆದೋಷಗಳಾದ ಸ್ಕ್ರೂ ಡಿಸ್ಲೊಕೇಶನ್‌ಗಳು ಜಾರುವ ಸಮತಲವನ್ನು ಸುಲಭವಾಗಿ ಬದಲಿಸುತ್ತವೆ. ಆದರೆ 10% ದಾಟಿದರೆ ಗ್ರೇನ್‌ಗಳು ಬೇರೆಬೇರೆ ರೀತಿ ತಿರುಗಿ ಮೇಲ್ಮೈ ಉಬ್ಬುತಗ್ಗಾಗುತ್ತದೆ, 500 ಪಟ್ಟು ಹಿಗ್ಗಿಸಿ ನೋಡಿದರೆ ಅರ್ಧ ಚಿತ್ರ ಫೋಕಸ್ ತಪ್ಪುತ್ತದೆ.

ಕೇಳುವುದು ಎರಡು. ನೈಟಲ್ ಬಿಟ್ಟು ಬರೀ ಪಾಲಿಶ್ ಮೇಲೆ ಎಳೆದರೆ ಸಣ್ಣ ಗೆರೆಗಳು ಚೆನ್ನಾಗಿ ಬರುತ್ತವೆಯೇ? (ಪರ್‌ಕ್ಲೋರಿಕ್ ಆಸಿಡ್ ಎಲೆಕ್ಟ್ರೋಪಾಲಿಶ್ ಹೇಳಬೇಡಿ, ಅದಕ್ಕೆ ತಕ್ಕ ಫ್ಯೂಮ್ ಹುಡ್ ಇಲ್ಲ.) ಕೊಪ್ಪಳ, ರಾಯಚೂರು ಕಡೆ ಯಾರ ಹತ್ತಿರವಾದರೂ ನೊಮಾರ್ಸ್ಕಿ ಸೌಲಭ್ಯದ (ಮೇಲ್ಮೈಯ ಸಣ್ಣ ಉಬ್ಬುತಗ್ಗು ಎದ್ದು ಕಾಣಿಸುವ) ಮೈಕ್ರೋಸ್ಕೋಪ್ ಇದೆಯೇ?

ಸ್ಯಾಂಪಲ್ ತರುವುದಾದರೆ ಎಳೆದ ದಿನವೇ ತರಬೇಕು. ಈ ಬಿಸಿಲಲ್ಲಿ ದಿನಗಟ್ಟಲೆ ಇಟ್ಟರೆ ಕಾರ್ಬನ್, ನೈಟ್ರೋಜನ್ ಪರಮಾಣುಗಳು ಡಿಸ್ಲೊಕೇಶನ್‌ಗಳನ್ನು ಹಿಡಿದುಕೊಂಡು, ಮುಂದಿನ ಎಳೆತದಲ್ಲಿ ಯೀಲ್ಡ್ ಪಾಯಿಂಟ್ ಮತ್ತೆ ಕಾಣಿಸಿಕೊಳ್ಳುತ್ತದೆ.