ಶಾಕ್ ಅಬ್ಸಾರ್ಬರ್ ತಂದಾಯ್ತು, ಯಾವ ಗ್ಯಾರೇಜಲ್ಲಿ ಹಾಕಿಸಲಿ?

ಪ್ರಶ್ನೆ: ಅಣ್ಣ, ನಮ್ಮದು ಸಕಲೇಶಪುರ. 2014ರ ಸ್ವಿಫ್ಟ್, ವಾರಕ್ಕೆರಡು ಸಲ ಶಿರಾಡಿ ಘಾಟಿ ಇಳೀತೀನಿ. ಮುಂದಿನ ಎರಡೂ ಶಾಕ್ ಎಣ್ಣೆ ಬಿಟ್ಟಿವೆ, ಚಕ್ರ ಹಿಡಿದಿರೋ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಬೇರೆ ಕಂಪನಿಯ ಸೆಟ್ ತಂದೆ. ಒಂದು ಗ್ಯಾರೇಜಿನವರು ‘ಒಂದೂವರೆ ಗಂಟೆ ಕೆಲಸ, ಕೂತಿರಿ’ ಅಂದ್ರು. ಇನ್ನೊಬ್ಬರು ‘ಬೆಳಿಗ್ಗೆ ಬಿಟ್ಟು ಸಂಜೆ ಬನ್ನಿ’ ಅಂತಾರೆ, ಲೇಬರ್ ಹೆಚ್ಚುಕಮ್ಮಿ ದುಪ್ಪಟ್ಟು. ಎಲ್ಲಿ ಬಿಡಲಿ?

ಉತ್ತರ: ದುಡ್ಡು, ಟೈಮು ಆಮೇಲೆ ನೋಡೋಣ ಸಾರ್. ಎರಡೂ ಕಡೆ ಒಂದೇ ಮಾತು ಕೇಳಿ: ‘ಲೋವರ್ ಆರ್ಮ್ ಬೋಲ್ಟ್ ಕೊನೇದಾಗಿ ಯಾವಾಗ ಬಿಗೀತೀರಿ?’ ಗಾಡಿ ಕೆಳಗಿಳಿದು ಚಕ್ರದ ಮೇಲೆ ಭಾರ ಬಿದ್ದಮೇಲೆ ಅನ್ನೋರು ಕೆಲಸ ಬಲ್ಲವರು. ಚಕ್ರ ಜೋತಾಡುತ್ತಿದ್ದಾಗಲೇ ಬಿಗಿದುಬಿಟ್ಟರೆ ಬುಷ್ ಅಲ್ಲೇ ಕಚ್ಚಿಕೊಳ್ಳುತ್ತೆ. ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿ, ಹಾಗೇ ಓಡಿ ಓಡಿ ಬೇಗ ಹರಿಯುತ್ತೆ. ಆಗ ಎಲ್ಲರೂ ಪಾರ್ಟ್ ಡೂಪ್ಲಿಕೇಟ್ ಅಂತ ಅಂಗಡಿಯವರನ್ನ ಬೈತಾರೆ.

ಇನ್ನೊಂದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಶಾಕ್ ಮೇಲಿನ ನಟ್ ಬಿಗಿಯುವಾಗ ರಾಡೂ ಜೊತೆಗೇ ತಿರುಗುತ್ತೆ. ಹಿಡಿಯೋಕೆ ಅಂತಲೇ ತುದಿಯಲ್ಲಿ ಜಾಗ ಕೊಟ್ಟಿರ್ತಾರೆ. ಅದನ್ನ ಬಿಟ್ಟು ಹೊಳೆಯೋ ರಾಡನ್ನೇ ಗ್ರಿಪ್ ಪ್ಲೈಯರಲ್ಲಿ ಕಚ್ಚಿ ಹಿಡಿಯೋರಿದ್ದಾರೆ. ಕಳೆದ ಮಳೆಗಾಲ ನನ್ನ ಹತ್ರ ಒಂದು ಗಾಡಿ ಬಂತು, ಶಾಕ್ ಹಾಕಿಸಿ ಎರಡೇ ತಿಂಗಳು. ಡಸ್ಟ್ ಕವರ್ ಎತ್ತಿದರೆ ರಾಡ್ ಮೇಲೆ ಹಲ್ಲಿನ ಗುರುತು, ಉಗುರು ಆಡಿಸಿದರೆ ತಡೀತಿತ್ತು. ಆ ಗೀರೇ ಸೀಲನ್ನ ಕೊಯ್ದು ಎಣ್ಣೆ ಪೂರ್ತಿ ಸೋರಿತ್ತು.

ಸ್ಪ್ರಿಂಗನ್ನ ಒತ್ತಿ ಹಿಡಿಯೋ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಕಡೆ ನಿಲ್ಲಲೇಬೇಡಿ, ಒತ್ತಿ ಕೂತ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೇ ಬರುತ್ತೆ. ಕೊನೆಗೆ ಚಕ್ರದ ಅಲೈನ್‌ಮೆಂಟ್ ಮಾಡಿಸಿ ರಿಪೋರ್ಟ್ ಕಾಗದ ಇಸ್ಕೊಳ್ಳಿ. ಒಂದೂವರೆ ಗಂಟೇಲಿ ಇಷ್ಟೂ ಮುಗಿಸ್ತೀನಿ ಅಂದರೆ ನಾನು ನಂಬಲ್ಲ.

ಪ್ರಶ್ನೆ: ಪಾರ್ಟ್ಸ್ ನಾನೇ ತಂದಿದ್ದಕ್ಕೆ ಗ್ಯಾರಂಟಿ ಇಲ್ಲ ಅಂತಾರೆ ಅಣ್ಣ, ಇಬ್ಬರೂ.

ಉತ್ತರ: ಪಾರ್ಟ್ಸ್‌ಗೆ ಅವರು ಹೊಣೆಯಲ್ಲ, ಅದು ನ್ಯಾಯವೇ. ಅಂಗಡಿ ಬಿಲ್ ನೀವು ಜೋಪಾನ ಮಾಡಿ. ಫಿಟ್ಟಿಂಗ್ ಸಡಿಲಾದರೆ, ಸದ್ದು ಬಂದರೆ ಲೇಬರ್ ಇಲ್ಲದೆ ನೋಡಿಕೊಡ್ತೀವಿ ಅಂತ ಗ್ಯಾರೇಜಿನವರ ಬಿಲ್ಲಲ್ಲಿ ಬರೆಸಿ. ಅಂದ ಹಾಗೆ, ಶಾಕಿನ ಮೇಲ್ತುದಿ ಕೂರೋ ಸ್ಟ್ರಟ್ ಮೌಂಟ್, ಅದರ ಬೇರಿಂಗ್ ತಂದಿದ್ದೀರಾ?

ಪ್ರಶ್ನೆ: ಇಲ್ಲ ಅಣ್ಣ, ಶಾಕ್ ಮತ್ತೆ ಬುಷ್ ಅಷ್ಟೇ.

ಉತ್ತರ: ಬಿಚ್ಚಿಸೋ ಮೊದಲು ಅವನ್ನೂ ತರಿಸಿಡಿ. ಹಳೇ ಬೇರಿಂಗ್ ಕೈಯಲ್ಲಿ ತಿರುಗಿಸಿದಾಗ ಕರಕರ ಅಂದರೆ ಮತ್ತೆ ಹಾಕಿಸಬೇಡಿ. ಆಮೇಲೆ ಅದೊಂದಕ್ಕೇ ಇಷ್ಟೂ ಬಿಚ್ಚಬೇಕಾಗುತ್ತೆ, ಲೇಬರ್ ಎರಡೆರಡು ಸಲ.