80 ಮೈಕ್ರಾನ್ ಫಿಲ್ಮಿನಲ್ಲಿ ಬಿಳಿ ಪುಡಿ, ಪ್ರಿಂಟ್ ನಿಲ್ಲುತ್ತಿಲ್ಲ. ಯಾಕೆ?

ಬೈಕಂಪಾಡಿ ಫಿಲ್ಮ್:
ನಮ್ಮದು ಬೈಕಂಪಾಡಿಯಲ್ಲಿ ಸಣ್ಣ ಯೂನಿಟ್. ಎಲ್‌ಡಿ, ಎಲ್‌ಎಲ್‌ಡಿ (ಎರಡೂ ಪಾಲಿಥಿನ್ ಜಾತಿ) ಬೆರೆಸಿ ಫಿಲ್ಮ್ ಮಾಡುತ್ತೇವೆ. ಮೊದಲು 40 ಮೈಕ್ರಾನ್ ಇತ್ತು, ಗೋಡಂಬಿ ಪ್ಯಾಕೆಟ್ಟಿಗೆ ಅಂತ ಈಗ 80 ಮಾಡುತ್ತಿದ್ದೇವೆ. ಸ್ಲಿಪ್ ಮಾಸ್ಟರ್‌ಬ್ಯಾಚ್ (ಫಿಲ್ಮ್ ಜಾರಲಿ ಅಂತ ಬೆರೆಸುವ ಕಾಳು) ಹಳೇ ಲೆಕ್ಕವೇ, 2%. ಅದರಲ್ಲಿ ಜಾರಿಸುವ ಪದಾರ್ಥ ಎರುಕಮೈಡ್ 5%. ಇಳಿಸಿದ ದಿನ ರೋಲ್ ಚೆನ್ನಾಗಿರುತ್ತದೆ. ವಾರ ಕಳೆದರೆ ಉಗುರಲ್ಲಿ ಗೀರಿದ ಕಡೆ ಬಿಳಿ ಪುಡಿ ಏಳುತ್ತದೆ, ಪ್ರಿಂಟ್ ಮಾಡಿ ಟೇಪ್ ಎಳೆದರೆ ಇಂಕೆಲ್ಲ ಟೇಪಿಗೇ ಬರುತ್ತದೆ. ಸಪ್ಲೈಯರ್ ಕೇಳಿದರೆ ಮಳೆಗಾಲದ ತೇವ ಅಂತಾರೆ. ಹೌದಾ?

ಸುರತ್ಕಲ್ ಹುಡುಗ:
ತೇವ ಅಲ್ಲ ಮಾರಾಯ್ರೆ, ದಪ್ಪ. ಬಿಸಿ ಪ್ಲಾಸ್ಟಿಕ್ಕಿನಲ್ಲಿ ಎರುಕಮೈಡ್ ಕರಗಿ ಬೆರೆತಿರುತ್ತದೆ. ಫಿಲ್ಮ್ ತಣ್ಣಗಾಗಿ ಹರಳು ಕಟ್ಟುವಾಗ ಆ ಹರಳಿನೊಳಗೆ ಅದಕ್ಕೆ ಜಾಗ ಇಲ್ಲ, ಹಾಗಾಗಿ ಹರಳುಗಳ ನಡುವಿನ ಸಡಿಲ ಭಾಗದಲ್ಲಿ ಸೇರಿಕೊಂಡು ಅಲ್ಲಿಂದ ನಿಧಾನಕ್ಕೆ ಮೇಲೆ ಬರುತ್ತದೆ. ಬರಲೇಬೇಕು, ಇಲ್ಲದಿದ್ದರೆ ಫಿಲ್ಮ್ ಜಾರುವುದೇ ಇಲ್ಲ. ಈಗ ಲೆಕ್ಕ ನೋಡಿ: 40 ಮೈಕ್ರಾನ್ ಫಿಲ್ಮ್ ಒಂದು ಚದರ ಮೀಟರಿಗೆ ಸುಮಾರು 37 ಗ್ರಾಂ, ನಿಮ್ಮ ಡೋಸಿನಲ್ಲಿ ಅದರೊಳಗೆ 37 ಮಿಲಿಗ್ರಾಂ ಎರುಕಮೈಡ್. 80ಕ್ಕೆ 74 ಮಿಲಿಗ್ರಾಂ. ಮೇಲ್ಮೈ ಮಾತ್ರ ಅಷ್ಟೇ ಇದೆ, ಅಲ್ವಾ? ಹೆಚ್ಚಾದದ್ದೇ ಪುಡಿಯಾಗಿ ಮೇಲೆ ಕೂತು ಇಂಕ್ ಹಿಡಿಯಲು ಬಿಡುತ್ತಿಲ್ಲ. ಮಾಸ್ಟರ್‌ಬ್ಯಾಚ್ 1%ಗೆ ಇಳಿಸಿ ಒಂದು ರೋಲ್ ಮಾಡಿ ನೋಡಿ.

ಹಳೇ ಪ್ರಿಂಟರ್, ಉಡುಪಿ:
ಅದಕ್ಕೂ ಮುಂಚೆ ಪುಡಿ ಯಾವುದು ಅಂತ ಖಚಿತ ಮಾಡಿಕೊಳ್ಳಿ ಸರ್. ಸ್ವಲ್ಪ ಕೆರೆದು ಸ್ಟೀಲ್ ತಟ್ಟೆಯಲ್ಲಿ ಹಾಕಿ, ಕುದಿಯುವ ನೀರಿನ ಪಾತ್ರೆ ಮೇಲಿಡಿ. ಎರುಕಮೈಡ್ 80 ಡಿಗ್ರಿ ಆಸುಪಾಸಿನಲ್ಲಿ ಮೇಣದ ಹಾಗೆ ಕರಗುತ್ತದೆ. ಕರಗದೆ ಪುಡಿಯಾಗೇ ಉಳಿದರೆ ಅದು ಪದರಗಳು ಅಂಟದಿರಲಿ ಅಂತ ಹಾಕುವ ಆಂಟಿಬ್ಲಾಕ್, ಸಿಲಿಕಾವೋ ಚಾಕ್ ಪುಡಿಯೋ ಇರಬೇಕು, ಆಗ ಡೋಸ್ ಇಳಿಸಿ ಸುಮ್ನೆ ಪ್ರಯೋಜನ ಇಲ್ಲ. ಇನ್ನೊಂದು, ರೋಲನ್ನು ಶೀಟ್ ಮಾಡಿನ ಗೋಡೌನಿನಲ್ಲಿ ವಾರಗಟ್ಟಲೆ ಇಡಬೇಡಿ. ಸೆಖೆ ಜಾಸ್ತಿಯಾದಷ್ಟೂ ಸ್ಲಿಪ್ ಬೇಗ ಮೇಲೆ ಬರುತ್ತದೆ, ಸುತ್ತಿದ ರೋಲಿನಲ್ಲಿ ಒಂದು ಪದರದಿಂದ ಪಕ್ಕದ ಪದರದ ಕೊರೊನಾ ಮಾಡಿದ (ಇಂಕ್ ಹಿಡಿಯಲಿ ಅಂತ ಕರೆಂಟ್ ಹಾಯಿಸಿದ) ಮುಖಕ್ಕೂ ಅಂಟುತ್ತದೆ. ಕೊರೊನಾ ಆದ ಕೂಡಲೇ ಪ್ರಿಂಟಿಗೆ ಕಳಿಸಿ.

ಬೈಕಂಪಾಡಿ ಫಿಲ್ಮ್:
ಕರಗಿತು! ಹಾಗಾದ್ರೆ ಸೀಲ್ ಚೆನ್ನಾಗಿ ಬರಲಿ ಅಂತ ಸ್ವಲ್ಪ ಇವಿಎ (ಮೆತ್ತಗಿನ ಇನ್ನೊಂದು ಪ್ಲಾಸ್ಟಿಕ್) ಬೆರೆಸೋಣ ಅಂತಿದ್ದೇನೆ. ಆಗಲೂ 1% ಸಾಕಾ?

ಸುರತ್ಕಲ್ ಹುಡುಗ:
ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಇವಿಎಗೆ ಎರುಕಮೈಡಿನಂಥ ಅಮೈಡ್ ಕಂಡರೆ ಪಾಲಿಥಿನ್‌ಗಿಂತ ನಂಟು ಜಾಸ್ತಿ, ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಅದು ಹೆಚ್ಚಿದಷ್ಟೂ ಸ್ಲಿಪ್ ತಡವಾಗಿ, ಕಡಿಮೆ ಬರುತ್ತದೆ. ಮೊದಲು ಈಗಿನ ಬ್ಲೆಂಡಿನಲ್ಲೇ ಡೋಸ್ ಸರಿ ಮಾಡಿ, ಇವಿಎ ಹಾಕಿದ ಮೇಲೆ ಹೊಸದಾಗಿ ನೋಡಬೇಕು. ಸಪ್ಲೈಯರ್ ಹೇಳಿದ ತೇವದ ಮಾತು ಜಿಎಂಎಸ್ ಥರದ ಆಂಟಿಸ್ಟ್ಯಾಟಿಕ್ಕಿಗೆ (ಫಿಲ್ಮಿನಲ್ಲಿ ಸ್ಥಿರ ವಿದ್ಯುತ್ ಕೂರದಂತೆ ಹಾಕುವುದು) ಸರಿ, ಅದು ಮೇಲೆ ಬಂದು ಗಾಳಿಯ ತೇವ ಹಿಡಿದೇ ಕೆಲಸ ಮಾಡುವುದು. ನಿಮ್ಮ ಪುಡಿಗೂ ಅದಕ್ಕೂ ಸಂಬಂಧ ಇಲ್ಲ.