ಹುಡುಗರ ಕನ್ಫೆಷನ್ ಪೇಜಿನಲ್ಲಿ ನಮ್ಮ ಲೈಬ್ರರಿಗೆ ಬೈಗುಳ. ಏನು ಮಾಡೋಣ?

ಕೌಂಟರ್‌ನವ, ಧಾರವಾಡ:
ಇಲ್ಲಿನ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ನಮ್ಮ ಹುಡುಗರದ್ದು ಇನ್‌ಸ್ಟಾಗ್ರಾಂನಲ್ಲಿ ಒಂದು ಕನ್ಫೆಷನ್ ಪೇಜ್ ಇದೆ. ಹೆಸರಿಲ್ಲದೆ ಯಾರು ಏನು ಬೇಕಾದರೂ ಬರೆಯಬಹುದು. ಮುಕ್ಕಾಲು ಪಾಲು ಪ್ರೇಮ, ಉಳಿದದ್ದು ಕ್ಯಾಂಟೀನ್ ಮತ್ತು ನಾವು. "ನಮಗೆ ಊಟಕ್ಕೆ ಬಿಟ್ಟಾಗಲೇ ಇವರೂ ಕೌಂಟರ್ ಮುಚ್ಚುತ್ತಾರೆ, ಪುಸ್ತಕ ತಗೊಳ್ಳೋಕೆ ಕ್ಲಾಸ್ ಬಂಕ್ ಮಾಡಬೇಕಾ?" ಅಂತ ಒಬ್ಬರು. "ಚಾರ್ಜಿಂಗ್ ಪಾಯಿಂಟ್ ಮ್ಯಾಗಜೀನ್ ರ‍್ಯಾಕ್ ಹಿಂದಿದೆ, ಕೈ ಹಾಕಿದರೆ ಜೇಡ" ಅಂತ ಇನ್ನೊಬ್ಬರು. ಹೋಗಿ ನೋಡಿದೆ. ಜೇಡ ಇತ್ತು.

ಸಲಹಾ ಪೆಟ್ಟಿಗೆಯೂ ಇದೆ. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್‌ನವರು ಬರ್ತಾರೆ ಅಂತ ಬಣ್ಣ ಬಳಿದು ನನ್ನ ಮೇಜಿನ ಪಕ್ಕಕ್ಕೇ ತೂಗುಹಾಕಿದ್ದು. ನನ್ನ ಎದುರೇ ನಿಂತು ನನ್ನ ಮೇಲೆ ಚೀಟಿ ಹಾಕೋರು ಯಾರು? ತೆಗೆದರೆ ಚಾಕ್ಲೇಟ್ ಕಾಗದ. ಫೀಡ್‌ಬ್ಯಾಕ್ ಫಾರಂ ಕೊಟ್ಟರೆ ಎಲ್ಲರದ್ದೂ "ಉತ್ತಮ" ಅಂತ ಟಿಕ್. ಮೇಲಿನವರಿಗೆ ಪೇಜಿನ ವಿಷಯ ಹೇಳಿದರೆ, "ಬರೆದವರು ಯಾರು, ಮೊದಲು ಪತ್ತೆ ಹಚ್ಚಿರಿ" ಅಂದರು. ನನಗೆ ಅದು ಬೇಡ. ಹುಡುಗರ ಹಿಂದೆ ಬಿದ್ದ ಹಾಗೆ ಕಾಣದೆ ಇದನ್ನು ಬಳಸೋದು ಹೇಗೆ?

ಗ್ರಂಥಪಾಲಕಿ, ಹುಬ್ಬಳ್ಳಿ:
ಪತ್ತೆ ಹಚ್ಚಲು ಹೋಗಲೇಬೇಡಿ, ಅವತ್ತೇ ಎಲ್ಲರ ಬಾಯಿ ಮುಚ್ಚುತ್ತದೆ. ಅಮೆರಿಕದಲ್ಲಿ 2013ರಲ್ಲಿ ಯಿಕ್ ಯಾಕ್ ಅನ್ನೋ ಆ್ಯಪ್ ಬಂತು. ಹೆಸರಿಲ್ಲದೆ ಬರೆದದ್ದು ಸುತ್ತಮುತ್ತ ಇರೋರಿಗಷ್ಟೇ ಕಾಣುತ್ತಿತ್ತು. ಅಲ್ಲಿನ ಕೆಲವು ಯೂನಿವರ್ಸಿಟಿ ಲೈಬ್ರರಿಗಳು ಅದನ್ನು ಓದಿ ಹುಡುಗರ ಮನಸ್ಸಿನಲ್ಲಿ ಏನಿದೆ ಅಂತ ತಿಳಿದುಕೊಂಡವು. ಅದೇ ಆ್ಯಪ್‌ನಲ್ಲಿ ಬೆದರಿಕೆ, ಕಿರುಕುಳವೂ ನಡೆಯಿತು. 2017ರಲ್ಲಿ ಮುಚ್ಚಿತು, 2021ರಲ್ಲಿ ಮತ್ತೆ ಬಂತು. ಇಂಥ ಪೇಜುಗಳನ್ನೇ ನಂಬಿ ಕೂರೋಕಾಗಲ್ಲ, ಸುಳಿವು ಮಾತ್ರ ತಗೊಳ್ಳಿ. ನಿಮ್ಮಲ್ಲಿ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಇದ್ದರೆ ಯಾವ ಗಂಟೆಯಲ್ಲಿ ಎಷ್ಟು ಪುಸ್ತಕ ಇಶ್ಯೂ ಆಗಿದೆ ತೆಗೆದು ನೋಡಿ. ಊಟದ ಹಿಂದೆ ಮುಂದೆ ನೂಕುನುಗ್ಗಲಿದ್ದರೆ ಆ ಹುಡುಗ ಹೇಳಿದ್ದು ಖರೆ. ಓದುಗರ ಸಮಯ ಉಳಿಸಿ ಅಂತ ನಮ್ಮ ಗ್ರಂಥಾಲಯ ವಿಜ್ಞಾನದ ಹಿರಿಯರು ರಂಗನಾಥನ್ 1931ರಲ್ಲೇ ಬರೆದಿಟ್ಟರು. ನಾವು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಚ್ಚಿ, ಅದರ ಕೆಳಗೇ ಕೌಂಟರ್ ಮುಚ್ಚುತ್ತೇವೆ.

ಫೈನಲ್ ಇಯರ್, ಸಪ್ತಾಪುರ:
ಸರ್, ನಾವು ಹೆಸರು ಯಾಕೆ ಹಾಕಲ್ಲ ಗೊತ್ತಾ? ಪರೀಕ್ಷೆ ಮುಂಚೆ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಚೀಟಿಗೆ ಸಹಿ ಹಾಕೋರು ನೀವೇ. ಇನ್ನೊಂದು, ದಯವಿಟ್ಟು ಪೇಜಿಗೆ ಬಂದು ಕಾಲೇಜಿನ ಹೆಸರಲ್ಲಿ ಕಮೆಂಟ್ ಹಾಕಬೇಡಿ, ಹುಡುಗರು ಓಡಿಹೋಗ್ತಾರೆ. "ರ‍್ಯಾಕ್ ಸರಿಸಿದ್ದೇವೆ" ಅಂತ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಬರೆಯಿರಿ. ಅದರ ಫೋಟೋ ನಾವೇ ಪೇಜಿಗೆ ಹಾಕ್ತೀವಿ.

ನಿವೃತ್ತ, ಗದಗ:
ಪೇಜಿನಲ್ಲಿ ಬರೆಯೋರೇ ಎಲ್ಲ ಹುಡುಗರಲ್ಲ ನೋಡ್ರಿ. ನವಲಗುಂದ, ಕಲಘಟಗಿ ಬಸ್ ಹಿಡಿಯೋ ಹುಡುಗಿಯರು ಕ್ಲಾಸ್ ಮುಗಿದ ಕೂಡಲೇ ಸ್ಟ್ಯಾಂಡಿಗೆ ಓಡುತ್ತಾರೆ. ಅವರ ತೊಂದರೆ ಅಲ್ಲಿ ಕಾಣದೇ ಇರಬಹುದು, ಬಾಯಿಬಿಟ್ಟು ಕೇಳಬೇಕು. ಮತ್ತೆ ಸಿಬ್ಬಂದಿಯ ಮೈಬಣ್ಣ, ಮಾತಿನ ಧಾಟಿ ಆಡಿಕೊಂಡ ಪೋಸ್ಟುಗಳನ್ನು ಮೀಟಿಂಗ್‌ನಲ್ಲಿ ಓದಬೇಡಿ. ಅದು ಸಲಹೆ ಅಲ್ಲ, ಸುಮ್ನೆ ಹೊಲಸು.

ಕೌಂಟರ್‌ನವ, ಧಾರವಾಡ:
ರ‍್ಯಾಕ್ ಸರಿಸಾಯ್ತು, ಬೋರ್ಡಿನಲ್ಲೂ ಬರೆದೆ. ಪೆಟ್ಟಿಗೆ ಈಗ ನೀರಿನ ಫಿಲ್ಟರ್ ಹತ್ತಿರ, ನನ್ನ ಕಣ್ಣಿಗೆ ಬೀಳಲ್ಲ. ಊಟಕ್ಕೆ ನಾನೂ ಅಟೆಂಡರೂ ಪಾಳಿ ಮೇಲೆ ಹೋಗೋದು ಅಂತ ಮಾತಾಗಿದೆ, ಮೇಲಿನವರ ಒಪ್ಪಿಗೆ ಬಾಕಿ. ನೋ ಡ್ಯೂ ಮಾತು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಅದನ್ನು ಕೌಂಟರ್‌ನವರ ಕೈಯಿಂದ ಬಿಡಿಸಿ ಆಫೀಸಿಗೆ ಕೊಟ್ಟ ಕಾಲೇಜು ಯಾವುದಾದರೂ ಇದೆಯಾ? ಹೇಗೆ ಮಾಡಿದರು, ತಿಳಿದವರು ಹೇಳಿ.